ಮನೆಯವರಿಗೊಂದು ಫೋನ್

ಜೋಪಾನಪ್ಪ ಪ್ರವಾಸ ಹೊರಟದ್ದು ಆಸೆಯಿಂದಲ್ಲ. ಅವನು ಕೆಲಸ ಮಾಡುವ ಕನ್ನಡಕದಂಗಡಿಗೆ ಬಣ್ಣ ಬಳಿಯುವವರು ಬಂದು ಅವನ ಸ್ಟೂಲನ್ನು ಬೀದಿಗೆ ಎತ್ತಿಟ್ಟಿದ್ದರಿಂದ.

"ಒಂದೆರಡು ದಿನ ಎಲ್ಲಾದ್ರೂ ಹೋಗಿ ಬಾರಯ್ಯ," ಎಂದರು ಯಜಮಾನರು. "ಇಷ್ಟು ವರ್ಷ ಊರಿಗೆಲ್ಲಾ ದೂರದ್ದು ಕಾಣೋ ಹಾಗೆ ಮಾಡಿದ್ದೀಯ. ನೀನೂ ಒಂದ್ಸಲ ದೂರದ್ದು ನೋಡು."

ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕಿವಿಗೆ ಬೀಳುತ್ತಿತ್ತು. ಅಂಗಡಿಯ ಹಿಂಬದಿ ಕೋಣೆಯಲ್ಲಿ ಗಾಜು ಉಜ್ಜಿ, ಚೌಕಟ್ಟಿಗೆ ಕೂರಿಸಿ, ಬಟ್ಟೆಯಲ್ಲಿ ಸುತ್ತಿ, ಕಿಂಡಿಯಿಂದ ಕೌಂಟರಿಗೆ ದಾಟಿಸುವಾಗ "ಜೋಪಾನ" ಎನ್ನುವುದು ಅವನ ಅಭ್ಯಾಸ. ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಅವನು ಆಡುವ ಮಾತು ಅದೊಂದೇ. ಮದುವೆಯ ವಿಷಯದಲ್ಲೂ ಅಷ್ಟೇ ಜೋಪಾನ. "ನೋಡೋಣ, ನೋಡೋಣ" ಎನ್ನುತ್ತ ನಲವತ್ತು ದಾಟಿತು. ಅಮ್ಮ ತೀರಿಕೊಂಡ ಮೇಲೆ "ಏನಾಯ್ತೋ ನಿನ್ನ ಮದುವೆ?" ಎಂದು ಕೇಳುವವರೂ ಇಲ್ಲವಾಗಿ, "ನೋಡೋಣ" ಎನ್ನುವ ಕೆಲಸವೂ ತಪ್ಪಿತು.

ಹೀಗೆ ಬಂದ ಊರಿನಲ್ಲಿ ಅವನು ಇಳಿದುಕೊಂಡ ಲಾಡ್ಜಿನ ಮ್ಯಾನೇಜರ್, ಕೋಣೆ ಬಾಡಿಗೆ ಕೊಟ್ಟವರಿಗೆ ಬುದ್ಧಿವಾದವನ್ನು ಪುಕ್ಕಟೆ ಕೊಡುವ ಮನುಷ್ಯ. ಬೆಳಿಗ್ಗೆ ಜೋಪಾನಪ್ಪ ಮೆಟ್ಟಿಲಿಳಿದು ಬರುವುದನ್ನೇ ಕಾಯುತ್ತಿದ್ದವನಂತೆ ಕುರ್ಚಿಯಿಂದ ಅರ್ಧ ಎದ್ದ.

"ಕೋಟೆ ನೋಡಕ್ಕಾ ಸಾರ್? ಆಟೋದಲ್ಲಾ? ಒಬ್ರೇನಾ?"

ಮೂರು ಪ್ರಶ್ನೆಗೂ ಜೋಪಾನಪ್ಪ ಒಂದೇ ಸಲ ತಲೆಯಾಡಿಸಿದ. ಮ್ಯಾನೇಜರ್ ತೀರಾ ಕಾಯಿಲೆಯವನನ್ನು ನೋಡುವಂತೆ ನೋಡಿದ.

"ಕೇಳಿ ಇಲ್ಲಿ. ಎಡಗಡೆ ಕೂತ್ರೆ ಬ್ಯಾಗ್ ಕಿತ್ಕೊಂಡು ಓಡ್ತಾರೆ. ಬಲಗಡೆ ಕೂತ್ರೆ ಲಾರಿ ಬಂದು ಮೊಣಕೈ ಸವರ್ಕೊಂಡು ಹೋಗುತ್ತೆ. ಮಧ್ಯೆ ಕೂತ್ಕೊಳ್ಳಿ. ಬ್ಯಾಗು ತೊಡೆ ಮೇಲೆ. ಮೀಟರ್ ಹಾಕಿದ ಮೇಲೇ ಗಾಡಿ ಹೊರಡ್ಬೇಕು. ದಾರೀಲಿ ಇನ್ಯಾರನ್ನೋ ಹತ್ತಿಸ್ಕೊಂಡ್ರೆ ನೀವು ಇಳೀಬೇಕು. ಇದೆಲ್ಲಾ ಒಂದು ತೂಕ ಆದ್ರೆ ಮುಖ್ಯವಾದ್ದು ಇನ್ನೊಂದಿದೆ. ಹತ್ತಿದ ತಕ್ಷಣ ಮನೆಯವ್ರಿಗೆ ಫೋನ್ ಮಾಡಿ ಗಾಡಿ ನಂಬರ್ ಜೋರಾಗಿ ಹೇಳಿ. ಡ್ರೈವರ್ ಕಿವಿಗೆ ಬೀಳ್ಬೇಕು."

"ಮನೆಯವ್ರು ಅಂದ್ರೆ..."

"ಹೆಂಡ್ತಿ ಸಾರ್."

ಜೋಪಾನಪ್ಪ ಬ್ಯಾಗಿನ ಜಿಪ್ಪನ್ನು ಎಳೆದ. ಅದು ಆಗಲೇ ಮುಚ್ಚಿತ್ತು.

"ಇಲ್ವಾ? ಇಲ್ದಿದ್ರೆ ಇದ್ದಾಳೆ ಅನ್ಕೊಂಡು ಮಾತಾಡಿ. ಕಿವಿಗೆ ಇಟ್ಕೊಂಡ್ರೆ ಆ ಕಡೆ ಯಾರಿದ್ದಾರೆ ಅಂತ ಯಾರಿಗೆ ಕಾಣುತ್ತೆ? ಹಾಗೇ ನಡುವೆ, ಭಾವ ಪೊಲೀಸ್ ಇನ್‌ಸ್ಪೆಕ್ಟರ್ ಅಂತ ಒಂದ್ ಮಾತು ತೇಲಿಸಿಬಿಡಿ. ಆಮೇಲೆ ನೋಡಿ, ಆಟೋ ರೈಲಿನ ಹಾಗೆ ಹೋಗುತ್ತೆ, ಅತ್ತ ಇತ್ತ ಅಲ್ಲಾಡಲ್ಲ!"

ಲಾಡ್ಜಿನ ಎದುರೇ ಆಟೋ ಸ್ಟ್ಯಾಂಡು. ಸಾಲಿನ ಮೊದಲ ಗಾಡಿ ಹತ್ತಿ ಜೋಪಾನಪ್ಪ ನಟ್ಟ ನಡುವೆ, ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು, ಹಲ್ಲಿನ ಡಾಕ್ಟರ ಮುಂದೆ ಕೂತಂತೆ ಕೂತ. ಡ್ರೈವರ್ ಹೆಗಲ ಮೇಲೆ ಟವೆಲ್ ಹಾಕಿಕೊಂಡ, ಗಡ್ಡ ಬಿಟ್ಟ ಆಳು. ಕೇಳುವ ಮೊದಲೇ ಮೀಟರ್ ಹಾಕಿದ. ಇದು ಇನ್ನಷ್ಟು ಅನುಮಾನಕ್ಕೆ ಎಡೆಮಾಡಿತು. ಜೋಪಾನಪ್ಪ ಫೋನ್ ತೆಗೆದು ಕಿವಿಗೆ ಒತ್ತಿಕೊಂಡ.

"ಹಲೋ... ನಾನು... ನಾನೇ ಕಣೇ." 'ಕಣೇ' ಎನ್ನುವ ಮಾತು ಅವನು ಹುಟ್ಟಿದ ಮೇಲೆ ಅವನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಕಿವಿ ಬಿಸಿಯಾಯಿತು. "ಆಟೋ ಹತ್ತಿದ್ದೀನಿ. ನಂಬರ್ ಬರ್ಕೋ..."

ಅಷ್ಟರಲ್ಲಿ ತಿಳಿಯಿತು: ನಂಬರು ನೋಡಿಯೇ ಇಲ್ಲ. ಅದು ಗಾಡಿಯ ಹೊರಗೆ ಇದೆ, ತಾನು ಒಳಗಿದ್ದೇನೆ.

"ಸ್ವಲ್ಪ... ನಿಮ್ಮ ಗಾಡಿ ನಂಬರ್ ಎಷ್ಟು?"

ಡ್ರೈವರ್ ಹಿಂದಕ್ಕೆ ತಿರುಗಿ, ಒಂದೊಂದೇ ಅಂಕಿಯನ್ನು ಬಿಡಿಸಿ ಹೇಳಿದ. "ಕೊನೇಲಿ ಎರಡು ಸೊನ್ನೆ ಅಂತ ಹೇಳಿ ಸಾರ್. ಅಕ್ಕ ಒಂದೇ ಸೊನ್ನೆ ಬರ್ಕೊಂಡ್ರೆ ನಮ್ ಸ್ಟ್ಯಾಂಡಿನ ಅಜ್ಜನ ಗಾಡಿ ಆಗ್ಬಿಡುತ್ತೆ. ಪಾಪ, ಆಯಪ್ಪನ್ನ ಹಿಡಿದುಬಿಟ್ಟಾರು."

ಜೋಪಾನಪ್ಪ ಎರಡು ಸೊನ್ನೆ ಎಂದು ಒತ್ತಿ ಹೇಳಿ ಫೋನ್ ಇಳಿಸಿದ.

"ಏನಂದ್ರು ಸಾರ್ ಅಕ್ಕ?"

"ಆಂ? ಏನಿಲ್ಲ... ಸ್ವೆಟರ್ ಹಾಕ್ಕೊಂಡ್ರಾ ಅಂತ ಕೇಳಿದ್ಲು."

ಸ್ವೆಟರ್ ಎಲ್ಲಿಂದ ಬಂತೋ ಅವನಿಗೇ ಗೊತ್ತಿಲ್ಲ. ಆದರೆ ಬಿಚ್ಚಿಕೊಂಡಿದ್ದ ಸ್ವೆಟರಿನ ಗುಂಡಿಗಳನ್ನು ಅವನು ಕೊರಳತನಕ ಹಾಕಿಕೊಂಡ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಜೋಪಾನಪ್ಪನಿಗೆ ಒಂದೇ ಸುಳ್ಳಿಗೆ ಮದುವೆಯಾಗಿಹೋಯಿತು.

ಮುಂದಿನ ತಿರುವಿನಲ್ಲಿ ಭಾವನನ್ನೂ ತೇಲಿಸಿದ. "ಅವಳ ಅಣ್ಣ ಪೊಲೀಸಲ್ಲಿದ್ದಾರೆ. ಇನ್‌ಸ್ಪೆಕ್ಟರ್."

ಕನ್ನಡಿಯಲ್ಲಿ ಡ್ರೈವರನ ಕಣ್ಣುಗಳು ಕ್ಷಣ ಕಾಲ ಮೇಲೆದ್ದವು. "ಹೌದಾ ಸಾರ್? ದಪ್ಪ ಮೀಸೆನಾ?"

"ಹೂಂ, ದಪ್ಪ ಮೀಸೆ."

"ಇರ್ಲೇಬೇಕು ಬಿಡಿ," ಎಂದ ಡ್ರೈವರ್, ಗೇರು ಬದಲಾಯಿಸುತ್ತ.

ಕೋಟೆ ಗುಡ್ಡದ ಮೇಲಿತ್ತು. ಅಲ್ಲಿ ಜೋಪಾನಪ್ಪನನ್ನು ಬಿಟ್ಟರೆ ಉಳಿದವರೆಲ್ಲ ಜೋಡಿ, ಇಲ್ಲವೇ ಹಿಂಡು. ಒಂಟಿಯಾಗಿ ನಿಂತವನ ಕೈ ಖಾಲಿ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. "ಅಂಕಲ್, ಒಂದ್ ಫೋಟೋ ತೆಗೀತೀರಾ?" ಎಂದು ಒಬ್ಬರು ಶುರುಮಾಡಿದರು. ಆಮೇಲೆ ಜನ ಸಾಲಾಗಿ ನಿಂತರು. ಕೋಟೆಯನ್ನು ಅವನು ನೋಡಿದ್ದೇ ಬೇರೆಯವರ ಫೋನುಗಳ ಒಳಗಿಂದ, ಬೇರೆಯವರ ಹೆಂಡಿರು ಮಕ್ಕಳ ಸಂದಿಯಲ್ಲಿ. ಕೊನೆಗೊಬ್ಬ ಹೆಂಗಸು ಕನಿಕರದಿಂದ, "ನಿಮ್ದೂ ಒಂದು ತೆಗೀಲಾ?" ಎಂದಳು.

"ಬೇಡಮ್ಮ. ಮನೆಯವಳು ಬಂದಿಲ್ಲ," ಎಂದ ಜೋಪಾನಪ್ಪ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ನಿಜವಾಗಿಯೂ ಬೇಸರವಾಯಿತು.

ಜನ ಇಲ್ಲದ ಬುರುಜೊಂದರ ಮೇಲೆ ಹೋಗಿ ಕೂತ. ಕೆಳಗೆ ಕೆರೆ, ಯಾರದೋ ಕನ್ನಡಕದಿಂದ ಕಳಚಿ ಬಿದ್ದ ಗಾಜಿನ ಹಾಗೆ ಹೊಳೆಯುತ್ತಿತ್ತು. ಡ್ರೈವರ್ ಗುಡ್ಡದ ಬುಡದಲ್ಲಿದ್ದ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಫೋನ್ ಮಾಡುವ ಅಗತ್ಯವೇ ಇರಲಿಲ್ಲ. ಆದರೂ ತೆಗೆದು ಕಿವಿಗಿಟ್ಟ.

"ಇಲ್ಲಿ ಗಾಳಿ ಜೋರು ಕಣೇ. ಇಲ್ಲ, ಅಂಚಿಗೆ ಹೋಗಿಲ್ಲ. ನೀನು ಬಂದಿದ್ರೆ ಇಷ್ಟೊತ್ತಿಗೆ ಕಾಲ್ನೋವು ಅಂತಿದ್ದೆ... ಸರಿ, ನಾನೇ ಅಂತಿದ್ದೆ, ಒಪ್ಕೊಂಡೆ."

ಫೋನ್ ಇಳಿಸಿ ನೋಡಿದರೆ ಅದರ ಮುಖ ಕಪ್ಪಾಗಿತ್ತು. ಬ್ಯಾಟರಿ ಯಾವಾಗಲೋ ಮುಗಿದಿತ್ತು. ಚಾರ್ಜರು ಲಾಡ್ಜಿನ ಮೇಜಿನ ಮೇಲೆ ಮಲಗಿತ್ತು. ಅದರಿಂದ ಅವಳಿಗೇನೂ ತೊಂದರೆಯಾದಂತೆ ಕಾಣಲಿಲ್ಲ.

ವಾಪಸು ಬರುವಾಗ ಆಟೋ ದೊಡ್ಡ ರಸ್ತೆ ಬಿಟ್ಟು, ಬೇಲಿ ಸಾಲಿನ ನಡುವಿನ ಒಂದು ನಿರ್ಜನ ದಾರಿಗೆ ತಿರುಗಿತು. ಸತ್ತ ಫೋನನ್ನು ಕಿವಿಗೊತ್ತಿ ಜೋಪಾನಪ್ಪ ಕೂಗಿದ: "ಹಲೋ! ಹೂಂ, ಎಡಕ್ಕೆ ತಿರುಗಿದ್ವಿ! ಒಂದು ಮುರುಕು ಗೋಡೆ, ಒಂದು ಬೇವಿನ ಮರ! ಭಾವಂಗೂ ಹೇಳು!"

ಆಟೋ ನಿಂತಿತು. ಡ್ರೈವರ್ ಇಳಿದು ಬಂದು, "ಇಳೀರಿ ಸಾರ್," ಎಂದ.

ಜೋಪಾನಪ್ಪ ಬ್ಯಾಗನ್ನು ತಬ್ಬಿಕೊಂಡ. "ಯಾಕೆ?"

"ಗ್ಯಾಸ್ ಹಾಕಿಸ್ಬೇಕು. ಒಳಗೆ ಜನ ಕೂತಿದ್ರೆ ಬಂಕಿನೋರು ಹಾಕಲ್ಲ. ನಿಮ್ಮ ಸೇಫ್ಟಿಗೇನೇ ಸಾರ್." ಬೇವಿನ ಮರದ ಹಿಂದೆ, ಸರತಿಯಲ್ಲಿ ನಿಂತ ಆಟೋಗಳ ಸಾಲೇ ಇತ್ತು. "ಅಕ್ಕಂಗೆ ಹೇಳಿಬಿಡಿ, ಗಾಬರಿ ಆಗಿರ್ತಾರೆ."

ಜೋಪಾನಪ್ಪ ಹೇಳಿದ. ಅವಳು ನಕ್ಕಿರಬೇಕು, ಯಾಕೆಂದರೆ ಅವನಿಗೂ ನಗು ಬಂತು.

ಸರತಿಯಲ್ಲಿ ಕಾಯುವಾಗ ಡ್ರೈವರ್ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಕೇಳಿದ. "ಕೇಳ್ಬಾರ್ದು, ಆದ್ರೂ ಕೇಳ್ತೀನಿ. ಅಕ್ಕನ್ನ ಯಾಕೆ ಕರ್ಕೊಂಡ್ ಬರ್ಲಿಲ್ಲ?"

ಇದಕ್ಕೆ ಮ್ಯಾನೇಜರ್ ಉತ್ತರ ಹೇಳಿಕೊಟ್ಟಿರಲಿಲ್ಲ. ಜೋಪಾನಪ್ಪ ಬಾಯಿಗೆ ಬಂದದ್ದು ಹೇಳಿದ: "ಸ್ವಲ್ಪ ಜಗಳ."

"ಏನಕ್ಕೆ?"

"ನಾನು ಮಾತೇ ಆಡಲ್ಲ ಅಂತ."

ಡ್ರೈವರ್ ತುಟಿ ಕಚ್ಚಿ ತಲೆಯಾಡಿಸಿದ. ಗ್ಯಾಸ್ ತುಂಬಿಸಿಕೊಂಡು, ಗಾಡಿಯನ್ನು ಲಾಡ್ಜಿನ ಬಾಗಿಲಿಗೆ ಒಯ್ಯದೆ ಎದುರಿನ ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ನಿಲ್ಲಿಸಿ, "ಅಜ್ಜಾ, ಇಲ್ಲೊಂದು ಪಂಚಾಯ್ತಿ ಇದೆ!" ಎಂದು ಕೂಗಿದ.

ಅಜ್ಜ ಎಂದರೆ ಒಂದೇ ಸೊನ್ನೆಯ ಗಾಡಿಯವನು. ಸ್ಟ್ಯಾಂಡಿನಲ್ಲಿ ಎಲ್ಲರಿಗಿಂತ ಹಳಬ. ಅವನ ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಸುತ್ತ ನಾಲ್ಕಾರು ಖಾಕಿ ಅಂಗಿಗಳು ಸೇರಿದವು. ಜೋಪಾನಪ್ಪನನ್ನು ಬೆಂಚಿನ ಮೇಲೆ, ಇಲ್ಲಿಯೂ ನಟ್ಟ ನಡುವೆ, ಕೂರಿಸಿ ಕೈಗೆ ಚಹಾ ಕೊಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಕೇಸು ಒಂದೇ ಗುಟುಕಿಗೆ ಶುರುವಾಯಿತು.

"ಮಾತಾಡ್ದೇ ಇದ್ರೆ ಯಾವ ಹೆಂಗ್ಸು ಸುಮ್ನಿರ್ತಾಳೆ ಸಾರ್?" ಎಂದ ಒಬ್ಬ.

"ನಮ್ಮನೇಲಿ ಮಾತಾಡಿದ್ರೇ ಜಗಳ," ಎಂದ ಇನ್ನೊಬ್ಬ.

"ನೀನು ಸುಮ್ನಿರೋ. ನಿಂದು ಬೇರೆ ಕೇಸು." ಅಜ್ಜ ಕನ್ನಡಕ ಸರಿಮಾಡಿಕೊಂಡು ಜೋಪಾನಪ್ಪನ ಕಡೆ ತಿರುಗಿದ. "ತಪ್ಪು ನಿಂದೇ ಮಗಾ. ಫೋನ್ ಹಚ್ಚು. ತಪ್ಪಾಯ್ತು ಅನ್ನು. ಇಲ್ಲೇ, ಈಗ್ಲೇ."

"ಆಮೇಲೆ ಮಾಡ್ತೀನಿ..."

"ಆಮೇಲೆ ಅಂದೋರು ಯಾರೂ ಮಾಡಲ್ಲ. ಹಚ್ಚು."

ಓಡಿಹೋಗಲು ದಾರಿಯಿರಲಿಲ್ಲ. ಜೋಪಾನಪ್ಪ ಕಪ್ಪು ಫೋನನ್ನು ಅಂಗೈಯಲ್ಲಿ ಮುಚ್ಚಿ ಕಿವಿಗಿಟ್ಟ. ಸುತ್ತಲಿನವರು ಉಸಿರು ಬಿಗಿಹಿಡಿದರು. ಚಹಾದವನು ಸೌಟು ಆಡಿಸುವುದನ್ನೂ ನಿಲ್ಲಿಸಿದ.

"ಹಲೋ," ಎಂದ. "ನಾನೇ. ಏನಿಲ್ಲ, ಸುಮ್ನೆ... ತಪ್ಪಾಯ್ತು. ಮಾತಾಡ್ಬಾರ್ದು ಅಂತಲ್ಲ ಕಣೇ. ಏನ್ ಮಾತಾಡೋದು ಅಂತ ಗೊತ್ತಾಗಲ್ಲ. ಸಾಯಂಕಾಲ ಮನೆಗೆ ಬಂದ್ರೆ ಹೇಳೋಕೆ ಏನೋ ಇರುತ್ತೆ; ಬೀಗ ತೆಗೆಯೋ ಹೊತ್ತಿಗೆ ಮರ್ತೇ ಹೋಗಿರುತ್ತೆ. ಇವತ್ತು ಕೆರೆ ನೋಡ್ದೆ. ನಿಂಗೆ ಹೇಳ್ಬೇಕು ಅನ್ನಿಸ್ತು. ಅಷ್ಟೇ."

ಅಜ್ಜ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಕಣ್ಣೊರೆಸಿಕೊಂಡ.

"ಏನಂದ್ರು?" ಎಂದು ಪಿಸುಗುಟ್ಟಿದ ಗಡ್ಡದ ಡ್ರೈವರ್.

"ನೋಡೋಣ ಅಂದ್ಲು."

"ಹಾಗಂದ್ರೆ ಅರ್ಧ ಕರಗಿದ್ದಾರೆ!" ಎಂದು ಸ್ಟ್ಯಾಂಡೇ ಒಕ್ಕೊರಲಿನಿಂದ ತೀರ್ಪು ಕೊಟ್ಟಿತು. ಉಳಿದರ್ಧ ಕರಗಿಸಲು ಶಾಲು ಕೊಳ್ಳಬೇಕು ಎಂಬುದೂ ಅಲ್ಲೇ ಪಾಸಾಯಿತು. ಜೋಪಾನಪ್ಪ ಬೇಡ ಬೇಡ ಎನ್ನುತ್ತಿರುವಂತೆಯೇ ಅವನನ್ನು ಮತ್ತೆ ಗಾಡಿಗೆ ಹತ್ತಿಸಿದರು.

ಶಾಲಿನಂಗಡಿಯಾಕೆ ದುಂಡು ಮುಖದ, ದೊಡ್ಡ ದನಿಯ ಹೆಂಗಸು. ಕತೆಯನ್ನು ಡ್ರೈವರನಿಂದ ಕೇಳಿದ್ದೇ ತಡ, ಅರ್ಧ ಅಂಗಡಿ ಕೆಳಗೆ ಸುರಿದಳು.

"ಅವರು ಬೆಳ್ಳಗಾ, ಎಣ್ಣೆಗೆಂಪಾ?"

"...ಎಣ್ಣೆಗೆಂಪು."

"ಎತ್ತರ?"

ಜೋಪಾನಪ್ಪ ಕೈಯೆತ್ತಿದ. ಕೈ ತಾನಾಗಿ ಅವನ ಭುಜದ ಹತ್ತಿರ ಬಂದು ನಿಂತಿತು. ಇಳಿಸುವುದು ಮರೆತು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದ.

"ಹಸುರಾ, ನೇರಳೆನಾ? ಇರಿ, ಅವರನ್ನೇ ಕೇಳಿಬಿಡೋಣ. ಮುಖ ನೋಡ್ಕೊಂಡು ಮಾತಾಡೋ ಕಾಲ್ ಮಾಡಿ, ನಾನೇ ತೋರಿಸ್ತೀನಿ." ಎಂದವಳೇ ಅವನ ಕೈಯಿಂದ ಫೋನ್ ಎತ್ತಿಕೊಂಡಳು. ಒತ್ತಿದಳು. ಮತ್ತೆ ಒತ್ತಿದಳು. ಬೆಳಕಿಗೆ ಹಿಡಿದಳು. "ಇದೇನ್ರೀ, ಸತ್ತು ತಣ್ಣಗಾಗಿದೆ! ಸ್ಟ್ಯಾಂಡಲ್ಲಿ ಈಗ ತಾನೇ ಮಾತಾಡಿದ್ರು ಅಂದ್ರಲ್ಲ?"

ಆಟೋದಲ್ಲಿ ಬ್ಯಾಗು ಕಿತ್ತುಕೊಂಡು ಓಡಿದ್ದರೂ ಜೋಪಾನಪ್ಪ ಇಷ್ಟು ಹೆದರುತ್ತಿರಲಿಲ್ಲ. ಬ್ಯಾಗಿನಲ್ಲಿ ಇದ್ದದ್ದು ಒಂದು ಜೊತೆ ಬಟ್ಟೆ. ಇಲ್ಲಿ ಹೋಗುವುದು ಸಂಸಾರ.

"ಬರುವಾಗ ದಾರೀಲಿ ಹೋಯ್ತಕ್ಕಾ," ಎಂದ ಗಡ್ಡದ ಡ್ರೈವರ್, ಬಾಗಿಲಿಗೆ ಒರಗಿಕೊಂಡು. "ಅಕ್ಕ ಮಾತು ನಿಲ್ಲಿಸ್ಲೇ ಇಲ್ಲ, ಬ್ಯಾಟರಿನೇ ಸುಸ್ತಾಯ್ತು. ನೇರಳೆ ಅಂದ್ರು. ನನ್ ಕಿವಿಗೇ ಬಿತ್ತು."

ನೇರಳೆ ಶಾಲು ಕಾಗದದಲ್ಲಿ ಸುತ್ತಿಕೊಂಡು ಜೋಪಾನಪ್ಪನ ತೊಡೆಯೇರಿತು.

ಲಾಡ್ಜಿನ ಮುಂದೆ ಇಳಿದಾಗ ಬೀದಿದೀಪ ಹತ್ತುತ್ತಿತ್ತು. ಡ್ರೈವರ್ ಮೀಟರ್ ತೋರಿಸಿದಷ್ಟೇ ತೆಗೆದುಕೊಂಡು ಚಿಲ್ಲರೆ ವಾಪಸು ಕೊಟ್ಟ. ಮ್ಯಾನೇಜರ್ ಹೇಳಿದ ಯಾವ ಅಪಾಯವೂ ಆಗಿರಲಿಲ್ಲ. ಜೋಪಾನಪ್ಪನಿಗೆ ಈಗ ಉಳಿದ ಭಯ ಒಂದೇ: ಈ ಶಾಲನ್ನು ಕೋಣೆಗೆ ಒಯ್ದು ಏನು ಮಾಡುವುದು? ಅದನ್ನು ಡ್ರೈವರನ ಕಡೆ ಚಾಚಿದ.

"ಇದು ನಿಮ್ಮ ಮನೆಯವ್ರಿಗೆ ಕೊಡಿ."

"ಅಯ್ಯೋ, ಒಲ್ಲೆ ಸಾರ್! ಯಾವಳಿಗೆ ತಂದಿದ್ದು ಅಂತ ಕೇಳ್ತಾಳೆ. ನಿಜ ಹೇಳಿದ್ರೆ ನಂಬಲ್ಲ, ಸುಳ್ಳು ಹೇಳಿದ್ರೆ ಬಿಡಲ್ಲ." ಹಾಗೆನ್ನುವಾಗಲೇ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಕಿವಿಯಿಂದ ಒಂದು ಗೇಣು ದೂರ ಹಿಡಿದರೂ ಆ ಕಡೆಯ ಹೆಣ್ಣು ದನಿ ಬೀದಿಗೆಲ್ಲ ಕೇಳುತ್ತಿತ್ತು. "ಬಂದೆ ಮಾರಾಯ್ತಿ, ಬಂದೆ!" ಎಂದು ಇಟ್ಟುಬಿಟ್ಟ.

ಜೋಪಾನಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ತಗೊಳ್ಳಿ. ನಮ್ಮನೆಯವಳಿಗೆ ಬೇರೆ ತಗೋತೀನಿ."

ಡ್ರೈವರ್ ಅವನನ್ನೂ ಶಾಲನ್ನೂ ನೋಡಿದ. ಗಾಡಿ ಶುರುಮಾಡಲು ಹೋದವನು ಕೈ ಬಿಟ್ಟ.

"ಬಿಡಿ ಸಾರ್. ನಂಗೆ ಗೊತ್ತು."

"ಏನು?"

"ಈ ಲಾಡ್ಜಿಂದ ಆಟೋ ಹತ್ತೋರಿಗೆಲ್ಲಾ ಭಾವ ಇನ್‌ಸ್ಪೆಕ್ಟರೇ. ಆ ಮ್ಯಾನೇಜರ್ ಎಲ್ರಿಗೂ ಒಂದೇ ಪಾಠ ಹೇಳಿಕೊಡ್ತಾನೆ. ಹೋದ ವಾರ ಒಬ್ಬ ಚಿಕ್ಕ ಹುಡುಗಿ ಬಂದಿದ್ಲು, ಅವಳಿಗೂ ಭಾವ ಇನ್‌ಸ್ಪೆಕ್ಟರು, ಅವನಿಗೂ ದಪ್ಪ ಮೀಸೆ. ಇಡೀ ಲಾಡ್ಜಿಗೆ ಅವನೊಬ್ಬನೇ ಭಾವ ಸಾರ್."

ಜೋಪಾನಪ್ಪ ಇಂಗು ತಿಂದ ಮಂಗನಂತೆ ನಿಂತ. "ಮತ್ತೆ... ಬೆಳಿಗ್ಗೆಯಿಂದ..."

"ಮಿಕ್ಕೋರೆಲ್ಲಾ ನಂಬರ್ ಹೇಳಿ, ಭಾವನ್ನ ತೋರಿಸಿ, ಫೋನ್ ಜೇಬಿಗೆ ಹಾಕ್ತಾರೆ. ನೀವೊಬ್ರೇ ಸಾರ್ ಸಂಸಾರ ಮಾಡಿದ್ದು. ನಡುವೆ ಹೇಗೆ ನಿಲ್ಲಿಸ್ಲಿ?"

"ಅಜ್ಜನಿಗೂ ಗೊತ್ತಿತ್ತಾ?"

"ಮೊದ್ಲು ಕಣ್ಣು ಹೊಡೆದಿದ್ದೇ ಅಜ್ಜ."

"ಅವರು ಅತ್ತರಲ್ಲ?"

ಡ್ರೈವರ್ ಗಡ್ಡ ಕೆರೆದುಕೊಂಡ. "ಅದು ನಂಗೂ ಅರ್ಥ ಆಗ್ಲಿಲ್ಲ." ಆಮೇಲೆ ಗಾಡಿ ಶುರುಮಾಡಿ, ತಲೆ ಹೊರಗೆ ಹಾಕಿ ಹೇಳಿದ: "ನಾಳೆ ಬಸ್ ಸ್ಟ್ಯಾಂಡಿಗೆ ಹೋಗುವಾಗ ಯಾರ ಗಾಡಿ ಹತ್ತಿದ್ರೂ ಫೋನ್ ಮಾತ್ರ ಮಾಡಿ ಸಾರ್. ಅಕ್ಕ ಕ್ಷಮಿಸಿದ್ರೋ ಇಲ್ವೋ ಅಂತ ಎಲ್ರೂ ಕಾಯ್ತಾ ಇರ್ತಾರೆ."

ಲಾಡ್ಜಿನ ಒಳಗೆ ಮ್ಯಾನೇಜರ್ ಎರಡೂ ಕೈ ಚಾಚಿ ಬರಮಾಡಿಕೊಂಡ. "ಕ್ಷೇಮವಾಗಿ ಬಂದ್ರಾ! ನೋಡಿದ್ರಾ, ನನ್ನ ಉಪಾಯ ಎಂದೂ ಸುಳ್ಳಾಗಲ್ಲ."

ಜೋಪಾನಪ್ಪ ಬೀಗದ ಕೈ ತೆಗೆದುಕೊಂಡು ಮೇಲೆ ಹೋದ.

ಕೋಣೆಯಲ್ಲಿ ಫೋನನ್ನು ಚಾರ್ಜಿಗೆ ಹಾಕಿ, ಮಂಚದ ತುದಿಯಲ್ಲಿ ಕೂತು ಕಾದ. ಅದರ ಮುಖದಲ್ಲಿ ಬೆಳಕು ಬಂತು. ಇಡೀ ದಿನ ಯಾರೂ ಕರೆದಿರಲಿಲ್ಲ. ಕಿಟಕಿಯ ಕೆಳಗೆ ಸ್ಟ್ಯಾಂಡಿನಲ್ಲಿ ಖಾಕಿ ಅಂಗಿಗಳು ಚಹಾ ಕುಡಿಯುತ್ತ ಏನಕ್ಕೋ ಜೋರಾಗಿ ನಗುತ್ತಿದ್ದವು. ಚಳಿಯಾಗುತ್ತಿತ್ತು. ಲಾಡ್ಜಿನ ಹೊದಿಕೆ ಮೊಣಕಾಲಿಗೆ ಬಂದರೆ ಎದೆಗಿಲ್ಲ. ಅವನು ಪೊಟ್ಟಣ ಬಿಚ್ಚಿ ನೇರಳೆ ಶಾಲನ್ನು ತಾನೇ ಹೊದ್ದುಕೊಂಡ. ಕನ್ನಡಿಯ ಕಡೆ ನೋಡಲಿಲ್ಲ.

ಆಮೇಲೆ ಫೋನನ್ನು ಕಿವಿಗಿಟ್ಟ. ಇವತ್ತು ಆದದ್ದನ್ನೆಲ್ಲ ಹೇಳಿದರೆ ಅವಳು ನಗುತ್ತಾಳೆ, ಬೈಯುತ್ತಾಳೆ, ಆ ಮ್ಯಾನೇಜರನ ಮಾತು ಯಾಕೆ ಕೇಳಿದ್ರಿ ಎನ್ನುತ್ತಾಳೆ.

"ಹಲೋ," ಎಂದ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಹಲೋ? ನಾನೇ ಕಣೇ."

ಫೋನ್ ಸತ್ತಿದ್ದಾಗ ಬಾಯಿ ತುಂಬ ಮಾತಾಡಿದ್ದವಳು, ಈಗ ಅದಕ್ಕೆ ಜೀವ ಬಂದ ಮೇಲೆ ಹೂಂ ಉಹೂಂ ಎನ್ನಲಿಲ್ಲ. ಸ್ವೆಟರ್ ಹಾಕ್ಕೊಂಡ್ರಾ ಅಂತಲೂ ಕೇಳಲಿಲ್ಲ. ಜೋಪಾನಪ್ಪ ಕಿವಿ ಬದಲಾಯಿಸಿ ನೋಡಿದ. ಕೆಳಗಿನವರ ನಗೆ ಬಿಟ್ಟರೆ ಏನೂ ಕೇಳಿಸಲಿಲ್ಲ.

ನಾಳೆ ಸ್ಟ್ಯಾಂಡಿನವರು ಕೇಳದೆ ಬಿಡುವುದಿಲ್ಲ. ಅವಳು ಫೋನೇ ಎತ್ತುತ್ತಿಲ್ಲ ಎಂದು ಹೇಳಿಬಿಡಬೇಕು. ಅದೊಂದಾದರೂ ನಿಜ.